ಬರುವ ದಾರಿ ಇದೆ, ಮರಳುವ ದಾರಿ ಎಲ್ಲಿ?

(ಬೆಂಗಳೂರಿನ ಬಸವನಗುಡಿಯಲ್ಲಿ ಮಲೆನಾಡು ಮೂಲದ ವಿದ್ಯಾರ್ಥಿಗಳ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ವಿದೇಶದಿಂದ ಎಲೆಕ್ಟ್ರಾನಿಕ್ ಸರಕು ತರಿಸಿ ಮಾರುವ ಸಣ್ಣ ವ್ಯಾಪಾರದ ಕುರಿತು ಮಾತನಾಡಲು ಕೃಷಿ ವಿಜ್ಞಾನ ಓದಿದವರನ್ನು ಕರೆದದ್ದು ಕೆಲವರಿಗೆ ವಿಚಿತ್ರವೆನಿಸಿರಬಹುದು. ಆದರೆ ಈ ವ್ಯಾಪಾರದ ಕೊನೆಯ ನಿಲ್ದಾಣ ಅಂಗಡಿಯಲ್ಲ, ಗಿರಾಕಿಯ ಮನೆಯೂ ಅಲ್ಲ, ಮಣ್ಣು. ನಿಮ್ಮಲ್ಲಿ ಹಲವರು ಓದು ಮುಗಿಸಿದ ಮೇಲೆ ಇಂಥ ಒಂದು ವ್ಯಾಪಾರ ಆರಂಭಿಸಬೇಕೆಂದಿದ್ದೀರಿ ಎಂದು ಕೇಳಿದೆ. ಅದನ್ನು ಬಿಟ್ಟುಬಿಡಿ ಎಂದು ಉಪದೇಶಿಸಲು ನಾನು ಬಂದಿಲ್ಲ. ಅದರ ಲೆಕ್ಕದಲ್ಲಿ ಬಿಟ್ಟುಹೋಗಿರುವ ಒಂದು ಸಾಲನ್ನು ತೋರಿಸುವುದಷ್ಟೇ ನನ್ನ ಉದ್ದೇಶ.

ನಾವು ಈಗ ಕುಳಿತಿರುವ ಬಡಾವಣೆಯಿಂದಲೇ ಆರಂಭಿಸೋಣ. 1898ರಲ್ಲಿ ರೈಲಿನ ಹಾದಿಯಲ್ಲಿ ಪ್ಲೇಗು ಬೆಂಗಳೂರಿಗೆ ಬಂತು. ಇಕ್ಕಟ್ಟಾದ ಹಳೆಯ ಪೇಟೆಯಲ್ಲಿ ಸಾವಿರಾರು ಜನ ಸತ್ತರು. ಬಸವನಗುಡಿ, ಮಲ್ಲೇಶ್ವರಗಳು ಆ ಕಾಲದಲ್ಲಿ ರೂಪುಗೊಂಡ ಬಡಾವಣೆಗಳು. ಇಲ್ಲಿ ಮನೆಯ ಮುಂದೆ ಅಗಲವಾದ ಬೀದಿ ಇಟ್ಟವರು ಹಿಂದೆ ಕಿರಿದಾದ ಕನ್ಸರ್ವೆನ್ಸಿ ಓಣಿಯನ್ನೂ ಬಿಟ್ಟರು. ಆ ಓಣಿಗಳಲ್ಲಿ ಮಲ ಹೊತ್ತವರ ಬವಣೆ ನಮ್ಮ ಸಮಾಜಕ್ಕೆ ನಾಚಿಕೆಗೇಡು, ಅದನ್ನು ಮರೆಯುವಂತಿಲ್ಲ. ಆದರೆ ನಕ್ಷೆ ಬರೆದವರಿಗೆ ಒಂದು ಸತ್ಯ ಗೊತ್ತಿತ್ತು. ಒಳಗೆ ಬರುವುದಕ್ಕೆ ದಾರಿ ಮಾಡುವಾಗಲೇ ಹೊರಗೆ ಹೋಗಬೇಕಾದದ್ದಕ್ಕೂ ದಾರಿ ಮಾಡಬೇಕು.

ಇಲ್ಲಿಂದ ಚಾಮರಾಜಪೇಟೆಯನ್ನು ದಾಟಿ ಪುರಭವನದ ಕಡೆಗೆ ನಡೆದರೆ ಸದರ್ ಪತ್ರಪ್ಪ ರಸ್ತೆ, ಅಂದರೆ ನಮ್ಮೆಲ್ಲರ ಬಾಯಲ್ಲಿರುವ ಎಸ್.ಪಿ. ರಸ್ತೆ, ಸಿಗುತ್ತದೆ. ಎಂಜಿನಿಯರಿಂಗ್ ವಿದ್ಯಾರ್ಥಿಯ ಪ್ರಾಜೆಕ್ಟಿಗೆ ಬೇಕಾದ ರೆಸಿಸ್ಟರ್‌ನಿಂದ ಹಿಡಿದು ಕಂಪ್ಯೂಟರು, ಕ್ಯಾಮೆರಾ, ಚಾರ್ಜರು, ಎಲ್‌ಇಡಿ ದೀಪದವರೆಗೆ ಅಲ್ಲಿ ದೊರೆಯದ ವಸ್ತುವಿಲ್ಲ. ಈ ಸಮೃದ್ಧಿ ತಾನಾಗಿ ಬಂದದ್ದಲ್ಲ. 1996ರ ಕೊನೆಯಲ್ಲಿ ಸಿಂಗಪುರದಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಸಮ್ಮೇಳನದಲ್ಲಿ ಮಾಹಿತಿ ತಂತ್ರಜ್ಞಾನ ಒಪ್ಪಂದ ರೂಪುಗೊಂಡಿತು. 1997ರಲ್ಲಿ ಭಾರತ ಅದನ್ನು ಸೇರಿತು. ಆ ಒಪ್ಪಂದದ ಪಟ್ಟಿಯಲ್ಲಿದ್ದ ಸರಕುಗಳ ಸುಂಕ 2005ರ ವೇಳೆಗೆ ಸೊನ್ನೆಗೆ ಇಳಿಯಿತು. 2001ರ ಏಪ್ರಿಲ್ 1ರಂದು ಉಳಿದ 715 ಬಗೆಯ ಸರಕುಗಳ ಮೇಲಿನ ಪ್ರಮಾಣ ನಿರ್ಬಂಧವೂ ತೆರವಾಯಿತು. ಅಲ್ಲಿಯವರೆಗೆ ಪರವಾನಗಿಗಾಗಿ ಕಾಯಬೇಕಿದ್ದ ವಸ್ತುಗಳನ್ನು ಚೀನಾದ ಶೆನ್ಜೆನ್ ನಗರದ ಹುವಾಕಿಯಾಂಗ್‌ಬೈ ಮಾರುಕಟ್ಟೆಯಿಂದ ಒಬ್ಬ ಸಣ್ಣ ವ್ಯಾಪಾರಿಯೂ ತರಿಸಬಹುದಾಯಿತು.

ತರಿಸುವ ಕ್ರಮ ಇಂದು ಕಠಿಣವೇನಲ್ಲ. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯಕ್ಕೆ 500 ರೂಪಾಯಿ ಶುಲ್ಕ ಕಟ್ಟಿದರೆ ಆಮದು-ರಫ್ತು ಸಂಕೇತ ಸಂಖ್ಯೆ ದೊರೆಯುತ್ತದೆ. ಸರಕು ಹಡಗಿನಲ್ಲಿ ಚೆನ್ನೈಗೆ ಬಂದು, ಅಲ್ಲಿಂದ ವೈಟ್‌ಫೀಲ್ಡಿನ ಒಳನಾಡು ಕಂಟೇನರ್ ನಿಲ್ದಾಣಕ್ಕೆ ತಲುಪುತ್ತದೆ. ಚಿಕ್ಕ ಗಂಟಾದರೆ ವಿಮಾನದಲ್ಲಿಯೇ ಬರುತ್ತದೆ. 100 ರೂಪಾಯಿ ಮೌಲ್ಯದ ಒಂದು ವಸ್ತುವಿಗೆ ಮೂಲ ಸುಂಕ ಶೇಕಡಾ 10 ಎಂದಿಟ್ಟುಕೊಳ್ಳಿ. ಆ ಸುಂಕದ ಮೇಲೆ ಶೇಕಡಾ 10ರ ಸಮಾಜ ಕಲ್ಯಾಣ ಸರ್ಚಾರ್ಜ್ ಸೇರಿ 111 ರೂಪಾಯಿ. ಅದರ ಮೇಲೆ ಶೇಕಡಾ 18ರ ಸಂಯುಕ್ತ ಜಿಎಸ್‌ಟಿ ಸೇರಿದರೆ ಸುಮಾರು 131 ರೂಪಾಯಿ. ಬಾಡಿಗೆ, ಸಾಗಣೆ, ಲಾಭ ಸೇರಿಸಿ ನೀವು ಬೆಲೆ ಬರೆಯುತ್ತೀರಿ. ಈ ಲೆಕ್ಕದಲ್ಲಿ ವಸ್ತು ಬರುವ ಪ್ರತಿಯೊಂದು ಹೆಜ್ಜೆಗೂ ಒಂದು ಸಾಲಿದೆ. ಅದು ಕೆಟ್ಟ ಮೇಲೆ ಮರಳುವ ಹೆಜ್ಜೆಗೆ ಒಂದೂ ಸಾಲಿಲ್ಲ.

ನನ್ನ ಶಾಸ್ತ್ರದ ಒಂದು ನಿದರ್ಶನ ಕೊಡುತ್ತೇನೆ. ನಿಮ್ಮ ಸರಕು ಮರದ ಪೆಟ್ಟಿಗೆಯಲ್ಲಿಯೋ ಮರದ ಅಡಿಹಲಗೆಯ ಮೇಲೆಯೋ ಬಂದರೆ, ಆ ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ 30 ನಿಮಿಷ ಕಾದಿರಬೇಕು, ಇಲ್ಲವೇ ಅದಕ್ಕೆ ಒಪ್ಪಿತವಾದ ಬೇರೆ ಉಪಚಾರವಾಗಿರಬೇಕು. ಅದರ ಮೇಲೆ ಮುದ್ರೆ ಇರಬೇಕು. ಮರದೊಳಗೆ ಅಡಗಿ ಬರುವ ಹುಳುಗಳು ನಮ್ಮ ಕಾಡುಗಳಿಗೆ ಹಬ್ಬಬಾರದೆಂದು 2002ರಲ್ಲಿ ಮಾಡಿದ ಅಂತರರಾಷ್ಟ್ರೀಯ ನಿಯಮವಿದು. ಅಲಂಕಾರಕ್ಕೆಂದು ತಂದ ಲಂಟಾನ ನಮ್ಮ ಬೆಟ್ಟಗಳನ್ನು ಆವರಿಸಿದ್ದನ್ನು ಕಂಡ ನಮಗೆ ಈ ಎಚ್ಚರದ ಬೆಲೆ ಗೊತ್ತು. ಪೆಟ್ಟಿಗೆಯ ಮರ ಮುಂದೆ ಏನು ಮಾಡೀತೆಂದು ಜಗತ್ತು ಯೋಚಿಸಿದೆ. ಪೆಟ್ಟಿಗೆಯೊಳಗಿನ ವಸ್ತು ನಮ್ಮ ಊರನ್ನು ಸೇರಿದ ಮೇಲೆ ಏನು ಮಾಡೀತೆಂದು ತರಿಸುವವರು ಯೋಚಿಸಿದ್ದಾರೆಯೇ?

ಆ ವಸ್ತು ನಮ್ಮ ಊರನ್ನು ಸೇರುವುದು ಖಂಡಿತ. ಹಂದಿ ಕಾಯಲು ತಲೆಗೆ ಕಟ್ಟುವ ಬ್ಯಾಟರಿ ದೀಪ, ಸೋಲಾರ್ ಬೇಲಿಗೆ ವಿದ್ಯುತ್ ಕೊಡುವ ಪೆಟ್ಟಿಗೆ, ಪಂಪಿಗೆ ಮೊಬೈಲಿನಿಂದ ಚಾಲನೆ ಕೊಡುವ ಸ್ಟಾರ್ಟರ್, ತುರ್ತುದೀಪ, ಚಾರ್ಜರು ಇವೆಲ್ಲ ಇಲ್ಲಿಂದಲೇ ಘಟ್ಟ ಹತ್ತುತ್ತವೆ. ಅವು ನಮಗೆ ಬೇಡವೆನ್ನಲಾರೆ. ಕಾಡುಪ್ರಾಣಿಗಳ ನಡುವೆ ಬೆಳೆ ಕಾಯುವವರ ಕಷ್ಟ ನನಗೆ ತಿಳಿದಿದೆ. ಆದರೆ ಅವುಗಳಲ್ಲಿ ಬಹುಪಾಲನ್ನು ಮಲೆನಾಡಿನ ಮಳೆಗಾಲವನ್ನು ಕಣ್ಣಮುಂದಿಟ್ಟುಕೊಂಡು ಮಾಡಿರುವುದಿಲ್ಲ. ತಿಂಗಳುಗಟ್ಟಲೆ ಆರದ ತೇವದಲ್ಲಿ ಸರ್ಕೀಟ್ ಹಲಗೆ ಹಸಿರುಗಟ್ಟುತ್ತದೆ. ವೋಲ್ಟೇಜಿನ ಏರಿಳಿತಕ್ಕೆ ಚಾರ್ಜರು ಸುಡುತ್ತದೆ. ಮುಂಗಾರುಪೂರ್ವದ ಗುಡುಗು ಸಿಡಿಲಿಗೆ ಬೇಲಿಯ ಪೆಟ್ಟಿಗೆ ಬಲಿಯಾಗುತ್ತದೆ. ಬಿಡಿಭಾಗ ಸಿಗದು, ತೆರೆಯಲು ತಿರುಪೂ ಇಲ್ಲದಂತೆ ಅಂಟಿಸಿರುತ್ತಾರೆ. ಹೊಸದೇ ಅಗ್ಗವೆಂದು ಇನ್ನೊಂದನ್ನು ತರುತ್ತೇವೆ. ಹಳೆಯದು ಕೊಟ್ಟಿಗೆಯ ಅಟ್ಟವನ್ನೇರುತ್ತದೆ.

ಅಟ್ಟದಿಂದ ಮುಂದಿನ ಪಯಣವನ್ನು ನೀವೆಲ್ಲ ಕಂಡಿದ್ದೀರಿ. ಅದು ಬಚ್ಚಲೊಲೆಗೆ ಹೋಗುತ್ತದೆ. ವೈರು, ಪ್ಲಾಸ್ಟಿಕ್ ಕವಚ, ಕೆಲವೊಮ್ಮೆ ಬ್ಯಾಟರಿಯೂ ಅಲ್ಲಿ ಉರಿಯುತ್ತವೆ. ಪಿವಿಸಿ ಹೊದಿಕೆಯ ತಂತಿ ಉರಿದಾಗ ಡಯಾಕ್ಸಿನ್ ಎಂಬ ವಿಷಗಳು ಹುಟ್ಟುತ್ತವೆ. ಆ ಹೊಗೆಯನ್ನು ಮೊದಲು ಉಸಿರಾಡುವವರು ಒಲೆಯ ಮುಂದೆ ಕುಳಿತ ನಮ್ಮ ತಾಯಂದಿರು. ಉಳಿದ ಬೂದಿ ಪಾತ್ರೆ ತೊಳೆಯಲು, ಬಸಳೆಯ ಬುಡಕ್ಕೆ, ಗೊಬ್ಬರದ ಗುಂಡಿಗೆ. ಕಟ್ಟಿಗೆಯಷ್ಟೇ ಉರಿಯುತ್ತಿದ್ದ ಕಾಲದಲ್ಲಿ ಇದೊಂದು ಶ್ರೇಷ್ಠ ಪದ್ಧತಿ. ಮಣ್ಣಿನಿಂದ ಬಂದ ಪೊಟ್ಯಾಷ್ ಮಣ್ಣಿಗೇ ಮರಳುತ್ತಿತ್ತು. ಈಗ ಅದೇ ದಾರಿಯಲ್ಲಿ ಸೀಸ, ತಾಮ್ರ, ಹಳೆಯ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಗಳ ಕ್ಯಾಡ್ಮಿಯಂ ತೋಟಕ್ಕಿಳಿಯುತ್ತಿವೆ. ಬೋರ್ಡೋ ದ್ರಾವಣದ ತಾಮ್ರ ಈಗಾಗಲೇ ಅಲ್ಲಿ ಕೂಡಿದೆ.

ಬೂದಿ ಕ್ಷಾರಗುಣದ್ದಾದ್ದರಿಂದ ಕೆಲಕಾಲ ಈ ಲೋಹಗಳನ್ನು ಹಿಡಿದಿಟ್ಟೀತು. ಆದರೆ ನಮ್ಮದು ಆಗುಂಬೆಯಂಥ ಕಡೆ ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಸೀಮೆ. ಮಳೆ ಕ್ಷಾರವನ್ನು ತೊಳೆದೊಯ್ಯುತ್ತದೆ, ಲೋಹ ಉಳಿಯುತ್ತದೆ. ನಮ್ಮ ಜಂಬಿಟ್ಟಿಗೆ ಮಣ್ಣು ಸಹಜವಾಗಿಯೇ ಹುಳಿ. ಹುಳಿ ಮಣ್ಣಿನಲ್ಲಿ ಕ್ಯಾಡ್ಮಿಯಂ ಸುಲಭವಾಗಿ ಕರಗಿ ಬೇರಿಗೆ ಸಿಗುತ್ತದೆ. ಸೊಪ್ಪುತರಕಾರಿ, ಭತ್ತಗಳು ಅದನ್ನು ಹೀರುತ್ತವೆ. ಜಪಾನಿನ ಜಿಂಜು ನದಿಯ ಬಯಲಿನಲ್ಲಿ ಗಣಿಯ ಕ್ಯಾಡ್ಮಿಯಂ ಗದ್ದೆಗಳನ್ನು ಸೇರಿ, ಅನ್ನವುಂಡವರ ಮೂಳೆಗಳು ಮುರಿದವು. 1968ರಲ್ಲಿ ಅಲ್ಲಿನ ಸರ್ಕಾರ ಅದನ್ನು ಅಧಿಕೃತವಾಗಿ ಒಪ್ಪಿತು. ನಮ್ಮ ಊರುಗಳು ಅಂಥ ಸ್ಥಿತಿಗೆ ಬಂದಿವೆ ಎಂದು ನಾನು ಹೇಳುತ್ತಿಲ್ಲ. ಆದರೆ ಮಣ್ಣಿಗೆ ಸೇರಿದ ಲೋಹ ಕೊಳೆಯುವುದಿಲ್ಲ, ಅದನ್ನು ಹೊರತೆಗೆಯುವ ಸುಲಭೋಪಾಯವೂ ಇಲ್ಲ.

ನಗರದ ಸ್ಥಿತಿ ಇದಕ್ಕಿಂತ ಭಿನ್ನವಲ್ಲ. ಬೆಂಗಳೂರಿನ ಇ-ತ್ಯಾಜ್ಯ ಬಿಡಿಸುವ ಸ್ಥಳಗಳನ್ನು ಕುರಿತ ಸಂಶೋಧನೆಯೊಂದು 2009ರಲ್ಲಿ ‘ಕೀಮೋಸ್ಫಿಯರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಕೊಳೆಗೇರಿಯಲ್ಲಿ ಮನೆಮನೆಯ ಉದ್ಯೋಗವಾಗಿ ಈ ಕೆಲಸ ನಡೆಯುತ್ತಿದ್ದ ಕಡೆ ಮಣ್ಣಿನಲ್ಲಿ ತಾಮ್ರ, ಸೀಸ, ಕ್ಯಾಡ್ಮಿಯಂ, ಪಾದರಸ, ಆಂಟಿಮನಿ, ಇಂಡಿಯಂಗಳ ಮಟ್ಟ ಹೆಚ್ಚಿತ್ತು. ಅಂದು ಹಿತ್ತಿಲ ಓಣಿಯಲ್ಲಿ ನಡೆದವರು ಬಡವರು. ಇಂದು ಬರಿಗೈಯಲ್ಲಿ ಆಮ್ಲದೊಳಗೆ ಹಲಗೆ ಅದ್ದುವವರೂ ಬಡವರೇ. ಅಗ್ಗದ ಬೆಲೆಯ ಉಳಿದರ್ಧವನ್ನು ಅವರು ತಮ್ಮ ದೇಹದಿಂದ ತೆರುತ್ತಿದ್ದಾರೆ.

ಕಾನೂನು ಇಲ್ಲವೇ ಎಂದು ನೀವು ಕೇಳಬಹುದು. ಇದೆ. ಇ-ತ್ಯಾಜ್ಯ ನಿಯಮಗಳು ಮೊದಲು 2011ರಲ್ಲಿ ರಚನೆಯಾದವು, 2016ರಲ್ಲಿ ಬದಲಾದವು. 2022ರ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಅವು 106 ಬಗೆಯ ಉಪಕರಣಗಳಿಗೆ ಅನ್ವಯಿಸುತ್ತವೆ. ಅದರಲ್ಲಿ ನೀವು ಗಮನಿಸಬೇಕಾದ ಒಂದು ಪದವಿದೆ. ಹೊರದೇಶದಿಂದ ತಂದು ಮಾರುವವನನ್ನೂ ಕಾನೂನು ‘ಉತ್ಪಾದಕ’ ಎಂದೇ ಕರೆಯುತ್ತದೆ. ನೀವು ಒಂದು ತಿರುಪನ್ನೂ ತಿರುಗಿಸದಿರಬಹುದು, ಆದರೂ ಈ ದೇಶದ ಮಟ್ಟಿಗೆ ಆ ವಸ್ತುವಿನ ಹೆತ್ತವರು ನೀವೇ. ಉತ್ಪಾದಕರು ಆಯುಷ್ಯ ಮುಗಿದ ಸರಕಿನ ಇಂತಿಷ್ಟು ಪಾಲನ್ನು ಪುನರ್ಬಳಕೆಗೆ ಒಳಪಡಿಸಲೇಬೇಕು. ಮೊದಲ ಎರಡು ವರ್ಷಗಳಿಗೆ ಶೇಕಡಾ 60, 2025-26 ಮತ್ತು 2026-27ಕ್ಕೆ ಶೇಕಡಾ 70, 2027-28ರಿಂದ ಶೇಕಡಾ 80.

ಆದರೆ ಇದೇ ನಿಯಮ ಸೂಕ್ಷ್ಮ ಉದ್ದಿಮೆಗಳನ್ನು ಹೊರಗಿಟ್ಟಿದೆ. 2025ರ ಏಪ್ರಿಲ್‌ನಿಂದ ಎರಡೂವರೆ ಕೋಟಿ ಹೂಡಿಕೆ, 10 ಕೋಟಿ ವಹಿವಾಟು ಮೀರದ ಉದ್ದಿಮೆಗಳೆಲ್ಲ ಸೂಕ್ಷ್ಮ ಉದ್ದಿಮೆಗಳೇ. ಆಮದು ವ್ಯಾಪಾರಿಗೆ ಈ ವಿನಾಯಿತಿ ಎಷ್ಟರ ಮಟ್ಟಿಗೆ ಸಲ್ಲುತ್ತದೆಂಬುದನ್ನು ವಕೀಲರು ವಾದಿಸಲಿ. ಚಿಕ್ಕವರಿಗೆ ಕಾಗದಪತ್ರದ ಹೊರೆ ಬೇಡವೆಂಬ ಸದುದ್ದೇಶ ಅರ್ಥವಾಗುವಂಥದೇ. ಆದರೆ ಕಾನೂನು ಚಿಕ್ಕವರನ್ನು ಬಿಟ್ಟರೂ ಮಣ್ಣು ಬಿಡುವುದಿಲ್ಲ. ಸಾವಿರ ಚಿಕ್ಕವರು ತಂದದ್ದು ಒಬ್ಬ ದೊಡ್ಡವನು ತಂದಷ್ಟೇ ತೂಗುತ್ತದೆ.

ಮರಳುವ ದಾರಿ ಅಸಾಧ್ಯವೇನಲ್ಲ. ಇನ್ವರ್ಟರಿನ ಸೀಸದ ಬ್ಯಾಟರಿಯನ್ನು ನೋಡಿ. ಹಳೆಯದನ್ನು ಕೊಟ್ಟರೆ ಹೊಸದರ ಬೆಲೆಯಲ್ಲಿ ಕಡಿತ ಸಿಗುತ್ತದೆ. ಆದ್ದರಿಂದ ಅದು ಎಂಥ ಮೂಲೆಯ ಊರಿನಿಂದಲೂ ಅಂಗಡಿಗೆ ಮರಳುತ್ತದೆ. ಕೆಟ್ಟ ಎಲ್‌ಇಡಿ ದೀಪಕ್ಕೆ ಬೆಲೆಯಿಲ್ಲ, ಅದು ಮರಳುವುದಿಲ್ಲ. ಇನ್ನೊಂದು ಉದಾಹರಣೆ ಸೆಲ್ಕೋ. ಹರೀಶ್ ಹಂದೆಯವರು 1995ರಲ್ಲಿ ಕಟ್ಟಿದ ಈ ಸಂಸ್ಥೆ ಕರಾವಳಿ, ಮಲೆನಾಡುಗಳ ಮನೆಗಳಿಗೆ ಸೌರದೀಪ ಕೊಟ್ಟಿತು. ದೀಪ ಮಾರಿದವರು ಹಲವರಿದ್ದರು. ಗ್ರಾಮೀಣ ಬ್ಯಾಂಕಿನಿಂದ ಸಾಲ ಕೊಡಿಸಿ, ಕೆಟ್ಟಾಗ ಮನೆಬಾಗಿಲಿಗೆ ಬಂದು ಸರಿಪಡಿಸುವ ವ್ಯವಸ್ಥೆಯನ್ನು ವ್ಯಾಪಾರದ ಅಂಗವನ್ನಾಗಿ ಮಾಡಿದ್ದು ಅದರ ವಿಶೇಷ. 2011ರಲ್ಲಿ ಹಂದೆಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ದುರಸ್ತಿಯೂ ಒಂದು ಉದ್ಯೋಗ, ಅದೂ ಊರಿನಲ್ಲಿಯೇ ಇದ್ದು ಮಾಡಬಹುದಾದ ಉದ್ಯೋಗ.

ನಮ್ಮ ಊರಿನವರಿಗೂ ಒಂದು ಮಾತು. ಹೊರದೇಶದ ಅಗ್ಗದ ಅಡಿಕೆ ಬಂದಾಗ ನಾವು ದನಿಯೆತ್ತಿದೆವು. ಆಮದು ಅಡಿಕೆಯ ಕನಿಷ್ಠ ಬೆಲೆ ಕಿಲೋಗೆ 251 ರೂಪಾಯಿ ಇದ್ದದ್ದು 2023ರ ಫೆಬ್ರವರಿಯಲ್ಲಿ 351 ಆಯಿತು. ಅಂಗಳದಿಂದ ಹೊರಗೆ ಹೋಗುವ ಬೆಳೆಯ ಬಗ್ಗೆ ಇಷ್ಟು ಎಚ್ಚರವಿರುವ ನಾವು ಅಂಗಳದೊಳಕ್ಕೆ ಬರುವ ವಸ್ತುವಿನ ಬಗ್ಗೆ ಒಂದು ಪ್ರಶ್ನೆಯನ್ನಾದರೂ ಕೇಳಿದ್ದೇವೆಯೇ? 1973ರಲ್ಲಿ ಕ್ಯಾಂಪ್ಕೊ ಕಟ್ಟಿದ ಬೆಳೆಗಾರರ ಪರಂಪರೆ ನಮ್ಮದು. ಅಡಿಕೆ ಚೀಲಗಳೊಡನೆ ವರ್ಷಕ್ಕೆರಡು ಸಲ ಒಂದೊಂದು ಪೆಟ್ಟಿಗೆ ಇ-ತ್ಯಾಜ್ಯವನ್ನೂ ಪೇಟೆಗೆ ಇಳಿಸುವ ಏರ್ಪಾಡನ್ನು ನಮ್ಮ ಸಹಕಾರ ಸಂಘಗಳು ಮಾಡಲಾರವೇ? ಅಲ್ಲಿಂದ ಅದು ಅಧಿಕೃತ ಪುನರ್ಬಳಕೆ ಘಟಕಗಳನ್ನು ಸೇರಬಹುದು. ಅಲ್ಲಿಯವರೆಗೆ ಕನಿಷ್ಠಪಕ್ಷ ಬಚ್ಚಲೊಲೆಗೆ ವೈರನ್ನೂ ಬ್ಯಾಟರಿಯನ್ನೂ ಹಾಕದಿರೋಣ. ಕೆಟ್ಟದ್ದನ್ನು ನೆನೆಯದಂತೆ ಒಂದು ಡಬ್ಬದಲ್ಲಿ ಕೂಡಿಡೋಣ.

ವಿದ್ಯಾರ್ಥಿ ಮಿತ್ರರೇ, ವ್ಯಾಪಾರಕ್ಕಿಳಿಯುವವರು ಸರಕು ಆರಿಸುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಿ. ಮೊದಲನೆಯದು, ಅದಕ್ಕೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಇದೆಯೇ? ಚಾರ್ಜರು, ಪವರ್ ಬ್ಯಾಂಕ್, ಎಲ್‌ಇಡಿ ದೀಪ ಮೊದಲಾದವುಗಳಿಗೆ ಇದು ಕಡ್ಡಾಯ. ನೋಂದಣಿ ಪಡೆಯಬೇಕಾದವರು ತಯಾರಕರು. ಅದಿಲ್ಲದೆ ಬಂದ ಸರಕನ್ನು ಮರಳಿ ಕಳುಹಿಸಬೇಕು, ಇಲ್ಲವೇ ಬಳಸಲಾಗದಂತೆ ಜಜ್ಜಬೇಕು. ಸಾಲ ಮಾಡಿ ತಂದವರ ಹಣ ಅಲ್ಲಿಯೇ ಮುಗಿಯುತ್ತದೆ. ಎರಡನೆಯದು, ನೂರು ವಸ್ತು ತರಿಸುವಾಗ ಅವುಗಳಿಗೆ ಬೇಕಾದ ಬಿಡಿಭಾಗಗಳನ್ನೂ ತರಿಸುತ್ತಿದ್ದೀರಾ, ಅದನ್ನು ತೆರೆದು ಸರಿಪಡಿಸಬಲ್ಲವರು ತಾಲ್ಲೂಕಿಗೊಬ್ಬರಾದರೂ ಇದ್ದಾರೆಯೇ? ಮೂರನೆಯದು, ಕೆಟ್ಟದ್ದನ್ನು ಮರಳಿ ತಂದವರಿಗೆ ಹತ್ತಿಪ್ಪತ್ತು ರೂಪಾಯಿ ಹಿಂದಿರುಗಿಸುವಷ್ಟು ಅವಕಾಶ ನಿಮ್ಮ ಬೆಲೆಯಲ್ಲಿದೆಯೇ? ಮೂರಕ್ಕೂ ಹೌದೆನ್ನುವ ವಸ್ತು ತುಸು ದುಬಾರಿಯಾದೀತು. ಆ ದುಬಾರಿಯನ್ನು ನಮ್ಮ ಜನರಿಗೆ ವಿವರಿಸಿ ಹೇಳಿ. ಗೊಬ್ಬರಕ್ಕೆ ಹಣ ಕೊಡುವವರಿಗೆ ಮಣ್ಣಿನ ಬೆಲೆ ಅರ್ಥವಾಗದೆ ಇರದು.

ನಿಮ್ಮಲ್ಲಿ ಒಬ್ಬರಾದರೂ ಇಂಥ ಅಂಗಡಿಯನ್ನು ತೆರೆದು, ಅದರ ಫಲಕದಲ್ಲಿ ‘ಕೆಟ್ಟದ್ದನ್ನು ಇಲ್ಲಿ ಮರಳಿ ತೆಗೆದುಕೊಳ್ಳಲಾಗುವುದು’ ಎಂದು ಬರೆಸಿದರೆ, ಮೊದಲ ದಿನವೇ ನಮ್ಮ ಊರಿನ ಅಟ್ಟಗಳಿಂದ ಇಳಿಸಿದ ಒಂದು ಚೀಲವನ್ನು ತಂದುಕೊಡುವ ಹೊಣೆ ನನ್ನದು.