ಹದ ನೋಡುವ ಕಣ್ಣು



ಮದ್ದೂರು–ಮಂಡ್ಯ ನಡುವಿನ ಹನಕೆರೆ ಕಬ್ಬಿನ ಸೀಮೆ. ಅಲ್ಲಿನ ಆಲೆಮನೆಯಲ್ಲಿ ಬೆಲ್ಲ ಕಾಯಿಸುವವರು ತೊಟ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉರುಳಿಸಿ ಹದ ನೋಡುತ್ತಾರೆ. ಉಂಡೆ ಕಟ್ಟದಿದ್ದರೆ ಪಾಕವನ್ನು ಯಾರೂ ಬೈಯುವುದಿಲ್ಲ. ಇನ್ನಷ್ಟು ಕಾಯಿಸುತ್ತಾರೆ, ಮತ್ತೆ ನೋಡುತ್ತಾರೆ.

ಮಗುವಿನ ಕಲಿಕೆಯನ್ನೂ ಹೀಗೇ ನೋಡಬಹುದು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಎಂಬ ಶಾಲಾ ಕಲಿಕೆಯ ಪದ್ಧತಿ ಈ ದಾರಿ ಹಿಡಿಯಿತು. ಅದರಲ್ಲಿ ಕಲಿಕೆಯ ಹಂತಗಳನ್ನು ಜೋಡಿಸಿದ ‘ಕಲಿಕಾ ಏಣಿ’ಯನ್ನು ಪ್ರತಿ ಮಗುವೂ ತನ್ನ ವೇಗದಲ್ಲಿ ಹತ್ತುತ್ತದೆ. ಮೇಷ್ಟ್ರು ಮಕ್ಕಳ ಜೊತೆ ನೆಲದ ಮೇಲೆ ಕೂತು, ಕಾರ್ಡು ಓದಿಸಿ, ‘ಪ್ರಗತಿ ನೋಟ’ ಎಂಬ ಪಟ್ಟಿಯಲ್ಲಿ ಗುರುತು ಹಾಕುತ್ತಾರೆ. ಎಡವಿದಲ್ಲಿ ಮತ್ತೆ ಅಭ್ಯಾಸ.

ಮನೆಯಲ್ಲೂ ಹೀಗೇ ಹದ ನೋಡಬಹುದು. ಇಂದು ಸಂಜೆ ‘ಎಷ್ಟು ಅಂಕ ಬಂತು?’ ಎನ್ನುವ ಬದಲು, ‘ಕಲಿತದ್ದನ್ನು ನನಗೂ ಹೇಳಿಕೊಡು, ಕಂದ’ ಅನ್ನೋಣ. ಹೇಳಿಕೊಡುವ ರೀತಿಯಲ್ಲೇ ಮಗುವಿಗೆ ಎಷ್ಟು ತಿಳಿದಿದೆ ಎಂಬುದು ಗೊತ್ತಾಗುತ್ತದೆ.