ದನಗಳ ಪುಪ್ಪುಸದ ಕಾವಲುಗಾರರು
(ಶಾಲೆಯ ಸ್ನೇಹಸಮ್ಮೇಲನದಲ್ಲಿ ಮಾಡಿದ ಭಾಷಣ)



ನಮ್ಮ ಜತ್ತ ತಾಲೂಕು ಮಳೆ ಕಡಿಮೆಯಾದ ಸೀಮೆ. ಇಲ್ಲಿಯ ಒಕ್ಕಲಿಗನಿಗೆ ಖಿಲಾರಿ ಎತ್ತೇ ಬಂಡವಾಳ, ಎತ್ತೇ ಬಲ. ಯಲ್ಲಮ್ಮನ ಜಾತ್ರೆಯಲ್ಲಿ ಕೊಂಡ ಹೋರಿಗರುವನ್ನು ರಾತ್ರಿಯೆಲ್ಲ ಲಾರಿಯಲ್ಲಿ ನಿಲ್ಲಿಸಿ ಊರಿಗೆ ತರುವೆವು. ಕೆಲವೊಮ್ಮೆ ನಾಲ್ಕಾರು ದಿನಗಳಲ್ಲಿಯೇ ಅದು ಮೇವು ಬಿಡುವುದು, ಮೈ ಕಾಯುವುದು, ಮೂಗು ಸುರಿಯುವುದು, ಉಸಿರಿಗಾಗಿ ಕತ್ತು ಚಾಚುವುದು. ನಾವು ದೃಷ್ಟಿ ತಾಗಿತೆಂದು ನಿವಾಳಿಸುತ್ತ ಕೂಡುವೆವು. ಅಷ್ಟರಲ್ಲಿ ಅದರ ಪುಪ್ಪುಸದಲ್ಲಿ ಒಂದು ಕದನವೇ ನಡೆದಿರುತ್ತದೆ. ಆ ಕದನದ ಕತೆಯನ್ನು ಇಂದು ನಿಮ್ಮ ಮುಂದಿಡುವೆನು.

1882ರಲ್ಲಿ ಮೆಚ್ನಿಕಾಫ್ ಎಂಬ ವಿಜ್ಞಾನಿ ಇಟಲಿಯ ಮೆಸ್ಸಿನಾದಲ್ಲಿ ನಕ್ಷತ್ರಮೀನಿನ ಪಾರದರ್ಶಕ ಮರಿಯೊಳಗೆ ಮುಳ್ಳು ಚುಚ್ಚಿ ಇಟ್ಟನು. ಮರುದಿನ ನೋಡಲು ಆ ಮುಳ್ಳಿನ ಸುತ್ತ ಜೀವಕೋಶಗಳು ಮುತ್ತಿದ್ದವು. ಪರಕೀಯ ವಸ್ತುವನ್ನು ನುಂಗುವ ಇಂಥ ಕೋಶಗಳೇ ಭಕ್ಷಕ ಕೋಶಗಳು. ಈ ಸಂಶೋಧನೆಗಾಗಿ ಅವನಿಗೆ 1908ರಲ್ಲಿ ನೊಬೆಲ್ ಬಹುಮಾನದ ಪಾಲು ದೊರೆಯಿತು.

ಪುಪ್ಪುಸದ ಗಾಳಿಚೀಲಗಳಲ್ಲಿಯೂ ಇಂಥ ಕಾವಲುಗಾರರು ಹಗಲಿರುಳು ಸಂಚರಿಸುತ್ತ ಧೂಳನ್ನೂ ರೋಗಾಣುಗಳನ್ನೂ ನುಂಗುತ್ತಿರುತ್ತಾರೆ. ಆದರೆ ಮ್ಯಾನ್‌ಹೈಮಿಯಾ ಹೀಮೊಲಿಟಿಕಾ ಎಂಬ ರೋಗಾಣುವೊಂದುಂಟು. ಅದು ಆರೋಗ್ಯವಂತ ದನದ ಮೂಗು-ಗಂಟಲುಗಳಲ್ಲಿಯೂ ತೆಪ್ಪಗೆ ಇರಬಲ್ಲದು. ಪ್ರಯಾಣದ ದಣಿವು, ಚಳಿ, ನೀರಡಿಕೆ, ಇಲ್ಲವೆ ಬೇರೊಂದು ಸೋಂಕು ದನವನ್ನು ಕುಗ್ಗಿಸಿದಾಗ ಹೆಚ್ಚಿ, ಪುಪ್ಪುಸಕ್ಕಿಳಿಯುವುದು.

ಅಲ್ಲಿ ಅದು ಲ್ಯೂಕೋಟಾಕ್ಸಿನ್ ಎಂಬ ವಿಷವನ್ನು ಸೂಸುವುದು. ದನ, ಕುರಿ, ಆಡು ಮೊದಲಾದ ಮೆಲುಕು ಹಾಕುವ ಪ್ರಾಣಿಗಳ ಬಿಳಿ ರಕ್ತಕಣಗಳೇ ಈ ವಿಷದ ಗುರಿ. ಆ ಕಣಗಳ ಮೇಲಿನ ಸಿಡಿ-18 ಎಂಬ ಪ್ರೋಟೀನಿಗೆ ಅದು ಅಂಟಿಕೊಳ್ಳುವುದು. ವಿಷವು ಅಲ್ಪವಾಗಿದ್ದರೆ ಕಾವಲುಗಾರರು ಕೆರಳಿ, ಸಂಕೇತ ಕಳಿಸಿ, ರಕ್ತದಿಂದ ಇನ್ನಷ್ಟು ಕಣಗಳನ್ನು ಕರೆಸುವರು. ವಿಷವು ಹೆಚ್ಚಿದರೆ ಅವರ ಹೊರಪೊರೆಗೆ ತೂತು ಬಿದ್ದು, ಒಡೆದು ಸಾಯುವರು. ಆಗ ರೋಗಾಣುವನ್ನು ಕೊಲ್ಲಲು ಅವರೊಳಗೆ ಕೂಡಿಟ್ಟಿದ್ದ ತೀಕ್ಷ್ಣ ರಸಗಳು ಚೆಲ್ಲಿ ಪುಪ್ಪುಸವನ್ನೇ ಸುಡುವುವು. ಕಾವಲುಗಾರನ ಕೈಯ ಕತ್ತಿ ಜಾರಿ ಮನೆಯವರಿಗೇ ತಾಗಿದಂತೆ! ಗಾಳಿಚೀಲಗಳಲ್ಲಿ ನೀರೂ ಕೀವೂ ತುಂಬಿ ಉಸಿರು ಕಟ್ಟುವುದು.

ಇದರಿಂದ ನಾವು ಕಲಿಯಬೇಕಾದುದೇನು? ಕದನ ಮುಗಿದ ಮೇಲೆ ಔಷಧಿ ತಂದರೆ ರೋಗಾಣು ಸತ್ತೀತು. ಕೆಟ್ಟುಹೋದ ಪುಪ್ಪುಸ ಮೊದಲಿನಂತಾಗುವುದು ಕಠಿಣ. ಆದ್ದರಿಂದ ದಾರಿಯಲ್ಲಿ ದನಕ್ಕೆ ನೀರು, ನೆರಳು, ವಿಶ್ರಾಂತಿಗಳನ್ನು ಕೊಡಿರಿ. ಹೊಸ ದನವನ್ನು ಕೆಲವು ದಿನ ಬೇರೆ ಕಟ್ಟಿರಿ. ಅದು ಮೇವು ಬಿಟ್ಟ ದಿನವೇ ಪಶುವೈದ್ಯರನ್ನು ಕರೆಯಿರಿ.

ಇದೇ ಬಳಗದ ಇನ್ನೊಂದು ರೋಗಾಣುವಿನಿಂದ ಗಂಟಲು ಬೇನೆ ಬರುವುದು. ಮರಾಠಿಯಲ್ಲಿ ಅದಕ್ಕೆ ಘಟಸರ್ಪ ಎನ್ನುವರು. ಒಂದೆರಡು ದಿನಗಳಲ್ಲಿಯೇ ಪ್ರಾಣ ತೆಗೆಯಬಲ್ಲ ಬೇನೆ ಅದು. ಅದಕ್ಕೆ ಪ್ರತಿವರ್ಷ ಮಳೆಗಾಲದ ಮುಂಚೆಯೇ ಲಸಿಕೆ ಹಾಕಿಸಬೇಕು. ಆದರೆ ಆ ಲಸಿಕೆ ನಾನು ಹೇಳಿದ ಪ್ರಯಾಣದ ಬೇನೆಯನ್ನು ತಡೆಯದೆಂಬುದನ್ನು ಮರೆಯಬಾರದು.

ಬಾಲಮಿತ್ರರೆ, ನಾಳೆ ಬೆಳಿಗ್ಗೆ ಕೊಟ್ಟಿಗೆಗೆ ಹೋದಾಗ ನಿಮ್ಮ ಎತ್ತಿನ ಪಕ್ಕೆಯನ್ನು ನೋಡಿರಿ. ಅದು ಒಂದು ನಿಮಿಷಕ್ಕೆ ಎಷ್ಟು ಸಲ ಏರಿಳಿಯುವುದೆಂದು ಎಣಿಸಿರಿ. ನಿತ್ಯದ ಲೆಕ್ಕ ಬಲ್ಲವನಿಗೆ ಕೇಡಿನ ದಿನ ಬೇಗ ತಿಳಿಯುವುದು. ಮಾತು ಬಾರದ ಜೀವಕ್ಕೆ ಹೊರಗಿನ ಕಾವಲುಗಾರರು ನೀವೇ.