ಪೂಜೆಯ ಉಪವಾಸ ಮತ್ತು ಸಕ್ಕರೆ ಕಾಯಿಲೆ

(ಶತಮಾನೋತ್ಸವದ ಅಂಗವಾಗಿ ಏರ್ಪಟ್ಟಿದ್ದ ಸಭೆಯಲ್ಲಿ ವೈದ್ಯರೊಬ್ಬರು ಮಾಡಿದ ಭಾಷಣ)



ಸಕ್ಕರೆ ಕಾಯಿಲೆಯನ್ನು ಕುರಿತು ಮಾತನಾಡಬೇಕೆಂದು ನನಗೆ ಆಜ್ಞೆಯಾಗಿದೆ. ಏನು ತಿನ್ನಬೇಕು, ಎಷ್ಟು ನಡೆಯಬೇಕು ಎಂಬುದನ್ನು ತಾವು ತಮ್ಮ ವೈದ್ಯರಿಂದ ಬೇಸರವಾಗುವಷ್ಟು ಕೇಳಿರುತ್ತೀರಿ. ಅವನ್ನು ಬದಿಗಿಟ್ಟು, ಬೆಳಗಿನ ಪೂಜೆಗೆ ಬರುವ ಮಧುಮೇಹಿಗಳಿಗೆ ಸಂಬಂಧಿಸಿದ ಒಂದೇ ವಿಷಯವನ್ನು ಅರಿಕೆ ಮಾಡಿಕೊಳ್ಳುತ್ತೇನೆ.

ನಮ್ಮ ವೃದ್ಧರಲ್ಲಿ ಅನೇಕರು ಬರಿಹೊಟ್ಟೆಯಲ್ಲಿ ದೇವಾಲಯಕ್ಕೆ ಬರುತ್ತಾರೆ. ಕೆಲವರು ಮಾತ್ರೆಯನ್ನೂ ಬಿಟ್ಟಿರುತ್ತಾರೆ. ಕೆಲವರು ಮಾತ್ರೆ ನುಂಗಿ ತಿಂಡಿಯನ್ನು ಮಾತ್ರ ಬಿಟ್ಟಿರುತ್ತಾರೆ. ಈ ಎರಡನೆಯವರ ಬಗ್ಗೆ ನನಗೆ ಹೆಚ್ಚು ಭಯ. ಅವರ ಭಕ್ತಿಯನ್ನು ನಾನು ಹಳಿಯುವುದಿಲ್ಲ. ಒಂದು ಕಾಲದಲ್ಲಿ ಪರಮಪ್ರಸಾದ ಸ್ವೀಕರಿಸುವವರು ಮಧ್ಯರಾತ್ರಿಯಿಂದ ನೀರನ್ನೂ ಮುಟ್ಟುವಂತಿರಲಿಲ್ಲ. 1953ರಲ್ಲಿ ಪೋಪ್ ಹನ್ನೆರಡನೆಯ ಪಯಸ್‌ರವರು ನೀರಿನಿಂದ ಉಪವಾಸ ಭಂಗವಾಗದೆಂದು ವಿಧಿಸಿದರು. 1957ರಲ್ಲಿ ಘನ ಆಹಾರದ ಉಪವಾಸವನ್ನು ಮೂರು ಗಂಟೆಗೆ ಇಳಿಸಿದರು. 1964ರಲ್ಲಿ ಆರನೆಯ ಪೌಲ್‌ರವರು ಅದನ್ನು ಒಂದೇ ಗಂಟೆಗೆ ತಂದರು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 919ನೆಯ ವಿಧಿಯಂತೆ ಆ ಒಂದು ಗಂಟೆಯಲ್ಲಿಯೂ ನೀರಿಗೆ, ಔಷಧಕ್ಕೆ ಅಡ್ಡಿಯಿಲ್ಲ. ವೃದ್ಧರು, ರೋಗಿಗಳು, ಅವರ ಆರೈಕೆ ಮಾಡುವವರು ಆ ಗಂಟೆಯೊಳಗೆ ಏನಾದರೂ ತಿಂದಿದ್ದರೂ ಪರಮಪ್ರಸಾದವನ್ನು ಸ್ವೀಕರಿಸಬಹುದು. ಕಾನೂನು ಬದಲಾಗಿ ಇಷ್ಟು ವರ್ಷಗಳಾದರೂ ನಮ್ಮ ಅಡುಗೆಮನೆಗಳಿಗೆ ಆ ಸುದ್ದಿ ಮುಟ್ಟಿದಂತಿಲ್ಲ!

ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಮೊದಲಾದ ಮಾತ್ರೆಗಳು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತವೆ. ರೋಗಿಯು ಉಂಡಿದ್ದಾನೆಯೇ ಎಂದು ಅವು ವಿಚಾರಿಸುವುದಿಲ್ಲ. ಚುಚ್ಚಿಕೊಂಡ ಇನ್ಸುಲಿನ್ನೂ ಹಾಗೆಯೇ. ಹೊಟ್ಟೆಗೆ ಏನೂ ಬೀಳದಿದ್ದರೆ ರಕ್ತದ ಸಕ್ಕರೆ 100 ಮಿಲಿಲೀಟರಿಗೆ 70 ಮಿಲಿಗ್ರಾಮಿಗಿಂತ ಕೆಳಗಿಳಿಯಬಹುದು. ಆಗ ಬೆವರು, ಕೈನಡುಕ, ಎದೆಬಡಿತ, ಹಸಿವು ತೋರುತ್ತವೆ; ಇನ್ನೂ ಇಳಿದರೆ ಮಾತು ತೊದಲಿ ಎಚ್ಚರ ತಪ್ಪುತ್ತದೆ. ಪ್ರಸಂಗದ ವೇಳೆಗೆ ಅಜ್ಜಿಯೊಬ್ಬರು ಕುಸಿದರೆ ನಾವು ಧೂಪದ ಹೊಗೆಯನ್ನೋ ಜನಸಂದಣಿಯನ್ನೋ ದೂರಿ ಬೀಸಣಿಗೆ ಹಿಡಿಯುತ್ತೇವೆ. ಅವರಿಗೆ ಬೇಕಾದುದು ಸಕ್ಕರೆ. ಎಚ್ಚರವಿದ್ದು ನುಂಗಬಲ್ಲವರಾದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿರಿ. ಹದಿನೈದು ನಿಮಿಷದಲ್ಲಿ ಚೇತರಿಸಿಕೊಳ್ಳದಿದ್ದರೆ ಮತ್ತೊಮ್ಮೆ ಕೊಡಿರಿ, ಚೇತರಿಸಿದ ಮೇಲೆ ತಿಂಡಿ ತಿನ್ನಿಸಿರಿ. ಎಚ್ಚರ ತಪ್ಪಿದವರ ಬಾಯಿಗೆ ನೀರನ್ನೂ ಹಾಕಕೂಡದು. ಒಂದು ಮಗ್ಗುಲಿಗೆ ಮಲಗಿಸಿ ತಡಮಾಡದೆ ಆಸ್ಪತ್ರೆಗೆ ಒಯ್ಯತಕ್ಕದ್ದು.

ಮೆಟ್‌ಫಾರ್ಮಿನ್ ಒಂದನ್ನೇ ಸೇವಿಸುವವರಿಗೆ ಈ ಅಪಾಯ ಅಪರೂಪ. ರಕ್ತದೊತ್ತಡದ ಮಾತ್ರೆಯಂತೂ ವೈದ್ಯರು ಬೇರೆ ಹೇಳದಿದ್ದಲ್ಲಿ ನೀರಿನೊಡನೆ ಹೊತ್ತಿಗೆ ಸರಿಯಾಗಿ ನುಂಗತಕ್ಕದ್ದು. ಭಾನುವಾರವೆಂದು ಒತ್ತಡಕ್ಕೆ ರಜೆಯಿಲ್ಲ. ತಮ್ಮ ಮಾತ್ರೆ ಯಾವ ಜಾತಿಯದೆಂಬುದನ್ನು ವೈದ್ಯರಿಂದ ಕೇಳಿ ತಿಳಿಯಿರಿ. ಹಬ್ಬದ ಪೂಜೆ, ಮೆರವಣಿಗೆಗಳ ದಿನ ತಿಂಡಿ ಹನ್ನೊಂದು ಗಂಟೆಯವರೆಗೂ ತಡವಾಗುವುದುಂಟು. ಅಂದು ಮಾತ್ರೆಯನ್ನು ಯಾವಾಗ ಸೇವಿಸಬೇಕೆಂಬುದನ್ನೂ ಮುಂಚಿತವಾಗಿಯೇ ಕೇಳಿಕೊಳ್ಳಿರಿ.

ತಪಸ್ಸುಕಾಲದ ವಿಚಾರ. ವಿಭೂತಿ ಬುಧವಾರ, ಶುಭ ಶುಕ್ರವಾರಗಳ ಕಡ್ಡಾಯ ಉಪವಾಸ 18 ತುಂಬಿದವರಿಂದ 59 ತುಂಬುವವರೆಗಿನವರಿಗೆ ಮಾತ್ರ. ಆ ವಯಸ್ಸಿನವರಲ್ಲಿಯೂ ಉಪವಾಸದಿಂದ ದೇಹಕ್ಕೆ ಕೇಡಾಗುವಂಥ ರೋಗಿಗಳಿಗೆ ಆ ಕಟ್ಟಿಲ್ಲ. ಏನನ್ನಾದರೂ ತ್ಯಜಿಸಲೇಬೇಕೆನ್ನುವವರು ಕಾಫಿಯ ಸಕ್ಕರೆಯನ್ನೂ ಬೀಡಿಯನ್ನೂ ತ್ಯಜಿಸಬಹುದು. ವೈದ್ಯನಾಗಿ ನಾನು ಅದನ್ನು ಸಂತೋಷದಿಂದ ಒಪ್ಪುತ್ತೇನೆ.

ಕೊನೆಯದಾಗಿ ಗುರುಗಳಲ್ಲಿ ಒಂದು ಬಿನ್ನಹ. ಪೂಜಾವಸ್ತ್ರಗಳ ಕೋಣೆಯಲ್ಲಿ ಒಂದು ಡಬ್ಬಿ ಸಕ್ಕರೆ, ಒಂದು ಲೋಟ, ಒಂದು ಚಮಚ ಇರಿಸುವ ಕೃಪೆಮಾಡಬೇಕು. ಮಧುಮೇಹಿಗಳು ತಮ್ಮ ಕಾಯಿಲೆ ಮತ್ತು ಮಾತ್ರೆಯ ಹೆಸರನ್ನು ಚೀಟಿಯಲ್ಲಿ ಬರೆಸಿ ಪ್ರಾರ್ಥನಾ ಪುಸ್ತಕದೊಳಗೆ ಇಟ್ಟುಕೊಂಡು, ಪಕ್ಕದಲ್ಲಿ ಕುಳಿತುಕೊಳ್ಳುವವರಿಗೂ ಆ ಸಂಗತಿಯನ್ನು ತಿಳಿಸಿರಬೇಕು.